ಗೆರೆ ಮೇಸ್ತ್ರಿ ಮತ್ತು ಮಾಯವಾದ ಬಾಗಿಲು

ಗುರುತಿನ ಚೀಟಿಯಲ್ಲಿ ಅವನಿಗೊಂದು ಹೆಸರಿತ್ತು. ಆ ಹೆಸರು ಹಿಡಿದು ಕರೆಯುವವರು ಮಾತ್ರ ಯಾರೂ ಉಳಿದಿರಲಿಲ್ಲ. ಊರಿಗೆಲ್ಲ ಅವನು ಗೆರೆ ಮೇಸ್ತ್ರಿ. ಮನೆಗಳಿಗೆ ಬಣ್ಣ ಬಳಿಯುವುದು ಅವನ ಕಸುಬು. ಗೋಡೆ ಮುಗಿದು ಚಾವಣಿ ಶುರುವಾಗುವಲ್ಲಿ, ಚೌಕಟ್ಟು ಬಂದು ಗೋಡೆಗೆ ತಾಗುವಲ್ಲಿ, ಒಂದು ಬಣ್ಣ ಇನ್ನೊಂದಕ್ಕೆ ಮೆತ್ತದಿರಲೆಂದು ಉಳಿದ ಬಣ್ಣದವರು ಕಾಗದದ ಪಟ್ಟಿ ಅಂಟಿಸಿಕೊಂಡು ಕೆಲಸ ಮಾಡುತ್ತಾರೆ. ಇವನು ಆ ಪಟ್ಟಿಯನ್ನು ಕೈಯಲ್ಲೂ ಮುಟ್ಟಿದವನಲ್ಲ. ಎರಡು ಬೆರಳಗಲದ ಬ್ರಷ್ಷನ್ನು ಅರ್ಧ ಅದ್ದಿ, ಡಬ್ಬಿಯ ಅಂಚಿಗೆ ಒಮ್ಮೆ ಒರೆಸಿ, ಉಸಿರು ಬಿಗಿಹಿಡಿದು, ಒಂದೇ ಎಳೆತಕ್ಕೆ ಮೊಳದುದ್ದ ಎಳೆದುಬಿಡುತ್ತಿದ್ದ. ದಾರ ಹಿಡಿದು ನೋಡಿದರೂ ಸೊಟ್ಟ ಸಿಗುತ್ತಿರಲಿಲ್ಲ.

"ಪಟ್ಟಿ ಅಂಟಿಸೋದು ಕೈ ನಡುಗೋರಿಗೆ" ಎಂದು ಮೀಸೆಯಲ್ಲೇ ನಗುತ್ತಿದ್ದ.

ಜಂಬಕ್ಕೇನೂ ಕಡಿಮೆ ಇರಲಿಲ್ಲ. ನಲವತ್ತೈದು ವರ್ಷ ಏಣಿ ಹತ್ತಿ ಇಳಿದರೂ ಒಂದು ಸಲ "ನನ್ನ ತಪ್ಪು" ಎಂದವನಲ್ಲ. ಬಣ್ಣ ಸಿಪ್ಪೆ ಎದ್ದರೆ ಗಾರೆಯವನ ತಪ್ಪು. ಗೋಡೆಯಲ್ಲಿ ಕಲೆ ಮೂಡಿದರೆ ನಲ್ಲಿ ರಿಪೇರಿಯವನ ತಪ್ಪು. ಬಣ್ಣ ಮಾಸಿದರೆ ಸೂರ್ಯನ ತಪ್ಪು. ಸೂರ್ಯ ಬಂದು ವಾದ ಮಾಡುವುದಿಲ್ಲವಾದ್ದರಿಂದ ಮೇಸ್ತ್ರಿಯ ಮಾತೇ ನಿಲ್ಲುತ್ತಿತ್ತು.

ಅವನಿಗೆ ಒಬ್ಬಳೇ ಅಕ್ಕ. ತಾಯಿ ತೀರಿಕೊಂಡಾಗ ಇವನಿಗೆ ಆರು, ಅವಳಿಗೆ ಹದಿನೇಳು. ಇವನ ಮೂಗು ಒರೆಸಿ, ತಲೆ ಬಾಚಿ, ಅಕ್ಷರ ತಲೆಗೆ ಹತ್ತುವುದಿಲ್ಲ ಎಂದು ಖಾತ್ರಿಯಾದ ಮೇಲೆ ಕಿವಿ ಹಿಡಿದು ಎಳೆದುಕೊಂಡು ಹೋಗಿ ಒಬ್ಬ ಬಣ್ಣದ ಮೇಸ್ತ್ರಿಯ ಮುಂದೆ ನಿಲ್ಲಿಸಿದವಳು ಅವಳೇ. "ಇವನ ಕೈ ಸುಮ್ಮನಿರಲ್ಲ, ಏನಾದ್ರೂ ಕೊಡಿ" ಎಂದಿದ್ದಳಂತೆ. ಆ ಮೇಸ್ತ್ರಿ ಬ್ರಷ್ಷು ಕೊಟ್ಟ. ಇವತ್ತು ಇವನು ತಿನ್ನುವ ಅನ್ನ ಅಕ್ಕನ ಆ ಒಂದು ಮಾತಿನಿಂದ ಹುಟ್ಟಿದ್ದು.

ಈಗ ಅಕ್ಕನಿಗೆ ಎಪ್ಪತ್ತನಾಲ್ಕು. ನಾಲ್ಕು ಬೀದಿ ಆಚೆ ಮಗ ಸೊಸೆಯ ಜೊತೆ ಇದ್ದಳು. ಮಗ ಬಸ್ಸಿನ ಡ್ರೈವರು. ಸೊಸೆ ಯಾವುದೋ ಕಚೇರಿಯಲ್ಲಿ ಗುಮಾಸ್ತೆ. ಇಬ್ಬರೂ ಬೆಳಿಗ್ಗೆ ಹೊರಬಿದ್ದರೆ ಮನೆ ಪೂರ್ತಿ ಅಕ್ಕನ ಸುಪರ್ದಿ. ಸಂಜೆ ಅವರು ಬರುವಷ್ಟರಲ್ಲಿ ಒಲೆಯ ಮೇಲೆ ಬಿಸಿ ಅಡುಗೆ. ಅದು ಅವಳ ದರ್ಬಾರು.

ಹೋದ ವರ್ಷ ಒಂದು ಮಧ್ಯಾಹ್ನ ಅಕ್ಕ ಇವನಿಗೆ ಚಹಾ ಬಗ್ಗಿಸುತ್ತಿದ್ದಳು. ಚಹಾ ಲೋಟಕ್ಕೆ ಬೀಳದೆ ಮೇಜಿನ ಮೇಲೆ ಬಿದ್ದು, ಅಲ್ಲಿಂದ ಹರಿದು ಇವನ ತೊಡೆಗಿಳಿಯಿತು.

"ಅಯ್ಯಯ್ಯೋ ಅಕ್ಕ! ಕಣ್ಣೇನು ನೆತ್ತಿ ಮೇಲಿದೆಯಾ?"

ತಮಾಷೆಗೆ ಅಂದದ್ದು. ಅಕ್ಕ ನಗಲಿಲ್ಲ. ಬಾಗಿಲ ಕಡೆ ಕಿವಿಗೊಟ್ಟು, ಯಾರೂ ಇಲ್ಲವೆಂದು ಗಟ್ಟಿ ಮಾಡಿಕೊಂಡು ಹೇಳಿದಳು.

"ಎಲ್ಲಿದೆಯೋ ಏನೋ. ಹಾಲಿನ ಪರದೆ ಕಟ್ಟಿದ ಹಾಗಿದೆ. ನಿನ್ನ ಮುಖದಲ್ಲಿ ಮೂಗೆಲ್ಲಿ ಬಾಯೆಲ್ಲಿ ಅಂತ ಗೊತ್ತಾಗಲ್ಲ. ಒಳ್ಳೇದೇ ಆಯ್ತು, ನೋಡೋ ಅಂಥದ್ದೇನಿಲ್ಲ."

"ಡಾಕ್ಟರಿಗೆ ತೋರಿಸೋಣ. ನಿನ್ನ ಮಗನಿಗೆ ಹೇಳ್ತೀನಿ..."

"ಬಾಯಿ ಮುಚ್ಚು. ಕಣ್ಣು ಹೋಯ್ತು ಅಂತ ಗೊತ್ತಾದ ದಿನ ಒಲೆ ಹತ್ರ ಬಿಡಲ್ಲ ಅವ್ರು. ಒಂದು ಕುರ್ಚಿ ಕೊಟ್ಟು ಕೂರಿಸ್ತಾರೆ. ಆಮೇಲೆ ನಾನೂ ಒಂದೇ, ಆ ಕುಂಡದ ಗಿಡಾನೂ ಒಂದೇ. ನನ್ನ ಮನೆ ನನಗೆ ಗೊತ್ತಿದೆ ಕಣೋ. ಬೆಳ್ಳಗಿರೋದು ಗೋಡೆ, ಕಪ್ಪಗಿರೋದು ಬಾಗಿಲು. ಆ ಕಪ್ಪಿನ ಅಂಚಲ್ಲಿ ಮಿಣಿಮಿಣಿ ಹೊಳೆಯೋದು ಹಿಡಿ. ಅಷ್ಟು ಸಾಕು ನನಗೆ. ಯಾರ ಹತ್ರನಾದ್ರೂ ಬಾಯಿಬಿಟ್ಟೆ ಅಂದ್ರೆ ನನ್ನ ಮೇಲಾಣೆ."

ಅವನು ಆಣೆ ಒಪ್ಪಿಕೊಂಡ. ಮಗನಿಗೂ ಹೇಳದ್ದನ್ನು ಅಕ್ಕ ತನಗೆ ಹೇಳಿದಳಲ್ಲ ಎಂದು ಒಳಗೊಳಗೇ ಉಬ್ಬಿದ ಬೇರೆ.

ಈ ವರ್ಷ ಸೊಸೆ ಫೋನಿನಲ್ಲಿ ಒಂದು ಚಿತ್ರ ಹಿಡಿದುಕೊಂಡು ಬಂದಳು.

"ನೋಡಿ ಮಾವ, ಈ ಥರ ಆಗ್ಬೇಕು ಅತ್ತೆ ಕೋಣೆ. ಈಗ ಆಸ್ಪತ್ರೆ ವಾರ್ಡಿದ್ದ ಹಾಗಿದೆ. ಅವರಿಗೆ ಎಪ್ಪತ್ತೈದು ತುಂಬೋ ಹೊತ್ತಿಗೆ ಒಂದು ಚೆಂದದ ಕೋಣೆ ಕೊಡೋಣ ಅಂತ."

ಚಿತ್ರದಲ್ಲಿ ಕೋಣೆಯೆಲ್ಲ ಕಡುಹಸಿರು. ಆಳದ ಬಾವಿಯ ಗೋಡೆಗೆ ಹತ್ತಿದ ಪಾಚಿಯಂಥ ಹಸಿರು. ಗೋಡೆ ಹಸಿರು, ಬಾಗಿಲು ಹಸಿರು, ಚೌಕಟ್ಟು ಹಸಿರು, ನೆಲದಂಚಿನ ಪಟ್ಟಿ ಹಸಿರು, ಕೊನೆಗೆ ಬಾಗಿಲ ಹಿಡಿಯೂ ಹಸಿರು. ಬಾಗಿಲು ಹಾಕಿದರೆ ಅಲ್ಲಿ ಬಾಗಿಲಿದೆ ಎನ್ನುವುದೇ ತಿಳಿಯಬಾರದು, ಅದೇ ಅದರ ಸೊಗಸು. ಈಗ ಹೀಗೇ ನಡೆಯುತ್ತಿದೆಯಂತೆ.

ಮೇಸ್ತ್ರಿಗೆ ಬಾಯಲ್ಲಿ ನೀರೂರಿತು. ತಿಳಿಬಣ್ಣ ಯಾರ ಕೈಯನ್ನಾದರೂ ಕಾಪಾಡುತ್ತದೆ. ಕಡುಬಣ್ಣ ಕಳ್ಳನನ್ನು ಹಿಡಿದುಕೊಡುತ್ತದೆ. ರೋಲರು ಎಲ್ಲಿ ನಿಂತಿತು, ಎಲ್ಲಿ ಒಣಗಿದ ಮೇಲೆ ಮತ್ತೆ ಕೈಯಾಡಿತು, ಗುಳಿಗಳಿಗೆ ತುಂಬಿದ ಬಿಳಿ ಪುಟ್ಟಿ ಎಲ್ಲಿ ಸರಿಯಾಗಿ ಉಜ್ಜಿಲ್ಲ, ಎಲ್ಲವೂ ಬಯಲಾಗುತ್ತದೆ. ಅವನು ಹಳೆಯ ಬಣ್ಣ ಕೆರೆದು, ಟಾರ್ಚನ್ನು ಗೋಡೆಗೆ ಒರಗಿಸಿ ಹಿಡಿದು ಉಬ್ಬುತಗ್ಗು ಹುಡುಕಿ ಉಜ್ಜಿದ. ಬಿಳಿ ಪ್ರೈಮರು ಹಚ್ಚಿದರೆ ಕಡುಬಣ್ಣದ ಕೆಳಗಿಂದ ಇಣುಕುತ್ತದೆ ಎಂದು ಬೂದು ಬಣ್ಣದ ಪ್ರೈಮರು ಹಚ್ಚಿದ. ಹಸಿರನ್ನು ಹಳೆಯ ಪಂಚೆಯಲ್ಲಿ ಸೋಸಿ ಮೂರು ಕೋಟು ಕೊಟ್ಟ. ಅಕ್ಕ ಆ ಐದು ದಿನ ಹಾಲ್‌ನಲ್ಲಿ ಮಲಗಿದಳು.

"ಎಂಥ ಬಣ್ಣವೋ?" ಎಂದು ಹೊಸ್ತಿಲಲ್ಲಿ ನಿಂತು ಕೇಳಿದಳು ಒಮ್ಮೆ.

"ಹಸಿರು ಕಣಕ್ಕ. ರಾಣಿ ಕೋಣೆ ಮಾಡಿಕೊಡ್ತೀನಿ ನಿಂಗೆ."

"ಸೊಸೆ ಆಸೆಪಟ್ಟಿದಾಳೆ, ಮಾಡು. ನಂಗೇನು, ಯಾವುದಾದ್ರೂ ಒಂದೇ."

ಕೊನೆಗೆ ಬಾಗಿಲಿಗೆ ಬಂದ. ಚೌಕಟ್ಟು ಬಳಿದ, ಹಲಗೆ ಬಳಿದ. ಹಿಡಿ ಉಳಿಯಿತು. ಹಳೆಯ ಹಿತ್ತಾಳೆಯ ಹಿಡಿ, ಐವತ್ತು ವರ್ಷದ ಅಂಗೈಗಳು ಉಜ್ಜಿ ಉಜ್ಜಿ ಹೊಳಪೇರಿದ್ದು. ಅದರ ಮೇಲೆ ಬ್ರಷ್ಷು ಒಂದು ಗಳಿಗೆ ನಿಂತಿತು. ಮಿಣಿಮಿಣಿ ಹೊಳೆಯೋದು ಹಿಡಿ, ಅಷ್ಟು ಸಾಕು ನನಗೆ. ಅಕ್ಕನ ಆ ಮಾತು ನೆನಪಿಗೆ ಬರಲಿಲ್ಲವೆಂದು ಅವನು ಆಮೇಲೆ ಎಷ್ಟು ಸಲ ಸುಳ್ಳು ಹೇಳಿಕೊಳ್ಳಲು ನೋಡಿದನೋ. ಬಂದಿತ್ತು. ಸ್ಪಷ್ಟವಾಗಿಯೇ ಬಂದಿತ್ತು.

ಅಷ್ಟರಲ್ಲಿ ಹಿಂದಿನಿಂದ ಸೊಸೆ ಚಪ್ಪಾಳೆ ತಟ್ಟಿದಳು. "ಅಬ್ಬಾ ಮಾವ! ಬಾಗಿಲು ಎಲ್ಲಿ ಹೋಯ್ತು? ಈ ಹಿಡಿ ಒಂದೇ ಗುಟ್ಟು ಬಿಟ್ಟುಕೊಡ್ತಿರೋದು!"

ಬ್ರಷ್ಷು ಇಳಿಯಿತು. ಹಿಡಿ ಹಸಿರಾಯಿತು. ಅಕ್ಕನಿಗೆ ಐವತ್ತು ವರ್ಷದ ಅಭ್ಯಾಸವಿದೆ, ಕಣ್ಣು ಮುಚ್ಚಿಕೊಂಡೇ ಓಡಾಡುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡ.

ಆ ಕೋಣೆ ಅವನಿಗೆ ತಂದುಕೊಟ್ಟ ಹೆಸರು ಇಷ್ಟಿಷ್ಟಲ್ಲ. ಸೊಸೆಯ ಕಚೇರಿಯವರು ಬಂದು ನೋಡಿ ಮೂಗಿನ ಮೇಲೆ ಬೆರಳಿಟ್ಟರು. ಒಬ್ಬ ಹಲ್ಲಿನ ಡಾಕ್ಟರು ನೋಡಿ ತನ್ನ ಓದುವ ಕೋಣೆಗೂ ಅಂಥದ್ದೇ ಬೇಕೆಂದ. ಬಂದವರಿಗೆಲ್ಲ ಸೊಸೆ ಬಾಗಿಲು ಹಾಕಿ "ಎಲ್ಲಿದೆ ಹೇಳಿ?" ಎಂದು ಆಟ ಆಡಿಸುತ್ತಿದ್ದಳು. ಅಕ್ಕ ಮಂಚದ ತುದಿಯಲ್ಲಿ ಕೈ ಕಟ್ಟಿ ಕುಳಿತಿರುತ್ತಿದ್ದಳು.

ಮೂರು ವಾರ ಕಳೆದಿರಬೇಕು. ಒಂದು ಶುಕ್ರವಾರ ಹಲ್ಲಿನ ಡಾಕ್ಟರ ಮನೆಯಲ್ಲಿ ಮೇಸ್ತ್ರಿ ಎರಡನೆಯ ಕೋಟು ಮುಗಿಸುತ್ತಿದ್ದಾಗ ಅಳಿಯ ಬಸ್ಸಿನ ಸಮವಸ್ತ್ರದಲ್ಲೇ ಬಂದು ನಿಂತ. ಅಕ್ಕನ ಮಗ. ಕಣ್ಣು ಕೆಂಪಗಿದ್ದವು.

"ಮಾವ, ಅಮ್ಮನ ತಲೆ ಸರಿಯಿಲ್ಲ."

"ಏನೋ ಅದು, ಬಿಡಿಸಿ ಹೇಳು."

"ಕೋಣೆಯೊಳಗೇ ಗೋಡೆ ಸವರಿಕೊಂಡು ಸುತ್ತುತಾ ಇರ್ತಾಳೆ. ಮೊನ್ನೆ ಗೋಡೆಯ ಅಲ್ಮೆರಾ ತೆಗೆದು ಬಟ್ಟೆಗಳ ಮಧ್ಯೆ ತಲೆ ತೂರಿಸಿ, 'ಹಾಲ್‌ನಲ್ಲಿ ದೀಪ ಯಾಕೆ ಆರಿಸಿದ್ದೀರಿ' ಅಂತ ಕೂಗ್ತಾ ಇದ್ಲು. ಇವಳು ಮೊದಲು ನಕ್ಕುಬಿಟ್ಳು. ಆಮೇಲೆ ಇಬ್ಬರೂ ಅತ್ವಿ. ನಿನ್ನೆ..." ಅಳಿಯ ಸ್ವರ ತಗ್ಗಿಸಿದ. "ನಿನ್ನೆ ನಾವಿಬ್ರೂ ಇರಲಿಲ್ಲ. ಬಂದು ನೋಡಿದ್ರೆ ಕೋಣೆ ಬಾಗಿಲು ಗಾಳಿಗೆ ಹಾಕ್ಕೊಂಡಿದೆ, ಬಚ್ಚಲಿಗೂ ಹೋಗಿಲ್ಲ ಮಾವ. ಕೋಣೆಯಲ್ಲೇ ಎಲ್ಲ. ಮೂಲೆಯಲ್ಲಿ ನಿಂತಿದ್ಲು, ನಾಚಿಕೆಯಿಂದ ತಲೆ ಎತ್ತಲಿಲ್ಲ. ಯಾಕಮ್ಮ ಅಂದ್ರೆ ತುಟಿ ಪಿಟಕ್ ಅನ್ನಲ್ಲ."

"ಡಾಕ್ಟರು?"

"ಇವತ್ತು ಬೆಳಿಗ್ಗೆ ತೋರಿಸಿದ್ವಿ. ಒಂದು ಚಿತ್ರ ಹಿಡಿದು ಇದೇನಮ್ಮ ಅಂದ್ರು. 'ಕುದುರೆ' ಅಂದ್ಲು. ಅದು ಗಡಿಯಾರ ಮಾವ! ಮರೆವಿನ ಕಾಯಿಲೆ ಅಂದ್ರು. ಸೋಮವಾರ ಸೇರಿಸ್ತಾ ಇದೀವಿ, ಅಂಥವರನ್ನ ನೋಡಿಕೊಳ್ಳೋ ಮನೆಯಂತೆ. ಹೊರಗಿಂದ ಬೀಗ ಇರತ್ತಂತೆ. ನನಗೂ ಮನಸ್ಸಿಲ್ಲ, ಆದ್ರೆ ಏನು ಮಾಡ್ಲಿ? ಒಲೆ ಹಚ್ಚಿ ಮರೆತ್ರೆ?"

ಮೇಸ್ತ್ರಿಯ ಕೈಯಿಂದ ಹಸಿರು ತೊಟ್ಟಿಕ್ಕಿತು. ಎಲ್ಲ ಒಂದೇ ಸಲಕ್ಕೆ ಅವನಿಗೆ ತಿಳಿದುಹೋಯಿತು. ಆ ಕೋಣೆಯಲ್ಲಿ ಹೊಳೆಯುವಂಥದ್ದು ಉಳಿದಿರುವುದು ಒಂದೇ ಒಂದು: ತಾನು ಬಳಿಯದೆ ಬಿಟ್ಟ ಅಲ್ಮೆರಾದ ಸ್ಟೀಲಿನ ಹಿಡಿ. ಅಕ್ಕ ಹೊಳಪು ಹುಡುಕಿಕೊಂಡು ಹೋಗಿದ್ದಾಳೆ. ಕಣ್ಣಿಲ್ಲ ಎನ್ನುವುದಕ್ಕಿಂತ ಹುಚ್ಚಿ ಅನ್ನಿಸಿಕೊಳ್ಳುವುದು ಮೇಲೆಂದು ತುಟಿ ಹೊಲಿದುಕೊಂಡಿದ್ದಾಳೆ.

ಹೇಳಬಹುದಿತ್ತು. ಅಳಿಯ ಎದುರಿಗೇ ನಿಂತಿದ್ದ. ಹಲ್ಲಿನ ಡಾಕ್ಟರೂ ಬಾಗಿಲಲ್ಲಿ ನಿಂತು ಗೋಡೆಯ ಅಂದ ನೋಡಿ ತಲೆದೂಗುತ್ತಿದ್ದ. ಮೇಸ್ತ್ರಿ ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸಿದ.

"ವಯಸ್ಸಾಯ್ತಲ್ಲಪ್ಪ" ಎಂದ. "ಏನು ಮಾಡೋಕಾಗತ್ತೆ."

ಅಳಿಯ ಇವನ ಕೈ ಹಿಡಿದು ಹಣೆಗೊತ್ತಿಕೊಂಡು ಹೋದ. ಆ ಕೈಗೆ ಮೆತ್ತಿದ್ದ ಹಸಿರು ಅವನ ಹಣೆಗೂ ಹತ್ತಿತು.

ಆಣೆ ಹಾಕಿದಾಳಲ್ಲ ಎಂದು ಮೊದಲು ಅಂದುಕೊಂಡ. ಆಣೆಯ ಬೆನ್ನ ಹಿಂದೆ ಅಡಗಿ ಕೂರುವುದು ಸುಲಭ. ಆದರೆ ಏಣಿಯ ಮೇಲೆ ನಿಂತವನಿಗೆ ತನ್ನ ಮನಸ್ಸು ಎಲ್ಲಿ ನಿಂತಿದೆ ಎಂದು ಗೊತ್ತಿರುತ್ತದೆ. ಬಾಯಿ ಕಟ್ಟಿದ್ದು ಆಣೆಯಲ್ಲ. ಆ ಬಾಗಿಲು ತನ್ನ ಕೈಯಿಂದ ಹಾಳಾಯಿತು ಎನ್ನಬೇಕಲ್ಲ, ಅದು.

ಬ್ರಷ್ಷು ಹಿಡಿದು ಚಾವಣಿಯ ಅಂಚಿಗೆ ಕೈಯಿಟ್ಟ. ಗೆರೆ ನಡುಗಿತು. ಬಟ್ಟೆಯಲ್ಲಿ ಒರೆಸಿ ಮತ್ತೆ ಎಳೆದ. ಮತ್ತೆ ನಡುಗಿತು. ಏಣಿಯಿಂದ ಇಳಿದು ಸುಮ್ಮನೆ ಕೆಳಗೆ ಕುಳಿತ. ಡಾಕ್ಟರು ಹಲ್ಲು ಕೀಳಲು ಹೋಗಿದ್ದ. ಕೋಣೆಯಲ್ಲಿ ಇವನೊಬ್ಬನೇ. ಪಕ್ಕದಲ್ಲಿ ಪುಟ್ಟಿಯ ಬಾಂಡಲಿ ಇತ್ತು. ಏನು ತೋಚಿತೋ, ಮೂಗಿನ ಮೇಲಿದ್ದ ತನ್ನ ಕನ್ನಡಕ ತೆಗೆದು ಎರಡೂ ಗಾಜಿಗೆ ತೆಳ್ಳಗೆ ಪುಟ್ಟಿ ನೀರು ಸವರಿದ. ಹಾಲಿನ ಪರದೆ ಎಂದಿದ್ದಳಲ್ಲ. ಅದನ್ನು ಮೂಗಿಗೇರಿಸಿ, ಬಾಗಿಲು ಹಾಕಿ, ನಿಂತಲ್ಲೇ ಎರಡು ಸುತ್ತು ತಿರುಗಿ, ಈಗ ಹೊರಗೆ ಹೋಗು ನೋಡೋಣ ಎಂದುಕೊಂಡ.

ನಾಲ್ಕೂ ಕಡೆ ಒಂದೇ ಹಸಿರು. ಎಷ್ಟು ದೂರವಿದೆ, ಎಲ್ಲಿ ಮುಗಿಯುತ್ತದೆ, ಒಂದೂ ತಿಳಿಯದು. ಕೈ ಚಾಚಿ ನಡೆದ. ಗೋಡೆ ಅಂದುಕೊಂಡದ್ದಕ್ಕಿಂತ ಮೊದಲೇ ಬಂದು ಬೆರಳು ಮುರಿಯುವಂತೆ ಹೊಡೆಯಿತು. ಅಂಗೈಗೆ ಹಸಿ ಬಣ್ಣ ಮೆತ್ತುತ್ತಿದ್ದರೂ ಸವರುತ್ತ ಹೋದ. ಮೂಲೆ. ಇನ್ನೊಂದು ಮೂಲೆ. ಕಿಟಕಿಯ ಮಬ್ಬು ಬೆಳಕು. ಮತ್ತೆ ಮೂಲೆ. ಸೊಂಟದೆತ್ತರದ ಹಿಡಿ ಎದೆಯೆತ್ತರದಲ್ಲಿ ಸವರುವ ಕೈಗೆ ಸಿಗಲೇ ಇಲ್ಲ. ಚೌಕಟ್ಟಿಗೂ ಗೋಡೆಗೂ ನಡುವೆ ಬೆರಳಿಗೂ ಸಿಗದಷ್ಟು ನಯವಾಗಿ ಪುಟ್ಟಿ ತುಂಬಿ ಉಜ್ಜಿದ್ದ, ಪುಣ್ಯಾತ್ಮ! ತಾನೇ ಮಾಡಿದ ಕೋಣೆಯಲ್ಲಿ, ನಾಲ್ಕು ದಿನದಿಂದ ಒಳಗೆ ಹೊರಗೆ ಓಡಾಡಿದ ಕೋಣೆಯಲ್ಲಿ, ಅವನು ದಾರಿ ತಪ್ಪಿದ. ಕನ್ನಡಕ ಕಿತ್ತು ಎಸೆದರೆ ಮುಗಿಯಿತು. ಅಕ್ಕ ಏನನ್ನು ಕಿತ್ತು ಎಸೆಯಬೇಕು?

ಶನಿವಾರ ಬೆಳಿಗ್ಗೆ ಒಂದು ಡಬ್ಬಿ ಬಿಳಿ ಆಯಿಲ್ ಪೇಂಟು, ಮರಳು ಕಾಗದ, ಗೆರೆಯ ಬ್ರಷ್ಷು, ಪುಟ್ಟಿ ಮೆತ್ತಿದ ಕನ್ನಡಕ ಹಿಡಿದುಕೊಂಡು ಅಕ್ಕನ ಮನೆಗೆ ಬಂದ. ಸೊಸೆ ಬಾಗಿಲು ತೆಗೆದಳು. ಅವಳ ಹಿಂದೆ ಹಾಲ್‌ನಲ್ಲಿ ಅಕ್ಕನ ಬಟ್ಟೆ ತುಂಬಿದ ಒಂದು ಸೂಟ್‌ಕೇಸು ಬಾಯಿ ತೆರೆದುಕೊಂಡಿತ್ತು.

"ಮಾವ, ಇದೇನು ಬಿಳಿ ಡಬ್ಬಿ?"

"ಅಕ್ಕನ ಬಾಗಿಲ ಚೌಕಟ್ಟಿಗೆ."

"ಅಯ್ಯೋ ಬೇಡಿ! ಅಷ್ಟು ಚೆಂದ ಬಂದಿದೆ. ಬಿಳಿ ಹಚ್ಚಿದ್ರೆ ನೋಡೋಕಾಗಲ್ಲ."

"ನೋಡೋಕಾಗಲಿ ಅಂತಲೇ ಹಚ್ತಿರೋದು ಮಗಳೇ" ಎಂದ ಮೇಸ್ತ್ರಿ. "ಒಂದು ಕೆಲಸ ಮಾಡು. ಇದನ್ನ ಹಾಕ್ಕೊಂಡು ಆ ಕೋಣೆಯೊಳಗೆ ಹೋಗಿ ಬಾ."

ಅವಳು ಕನ್ನಡಕ ನೋಡಿ ಮೂಗು ಮುರಿದಳು. "ಥೂ, ಪುಟ್ಟಿ ಮೆತ್ತಿದೆ."

"ಇರ್ಲಿ. ಹಾಕ್ಕೋ."

ಅಕ್ಕ ಮಂಚದ ಮೇಲೆ ಕುಳಿತಿದ್ದಳು. ತಮ್ಮನ ದನಿ ಕೇಳಿ ಮುಖ ಎತ್ತಿದಳು. ಅವನು ಸೊಸೆಯನ್ನು ಕೋಣೆಯ ನಡುವೆ ನಿಲ್ಲಿಸಿ, ಭುಜ ಹಿಡಿದು ಎರಡು ಸುತ್ತು ತಿರುಗಿಸಿ, ಬಾಗಿಲು ಎಳೆದುಕೊಂಡ. ಅಳಿಯ ಹಲ್ಲುಜ್ಜುತ್ತಿದ್ದವನು ಬಾಯಲ್ಲಿ ನೊರೆ ತುಂಬಿಕೊಂಡೇ ಬಂದು ನಿಂತ.

"ಈಗ ಹೊರಗೆ ಬಾ ತಾಯಿ" ಎಂದ ಮೇಸ್ತ್ರಿ ಹೊರಗಿನಿಂದ.

ಒಳಗೆ ಮೊದಲು ನಗು ಕೇಳಿತು. ಆಮೇಲೆ ಹೆಜ್ಜೆ. ಗೋಡೆ ಸವರುವ ಸದ್ದು. "ಮಾವ, ಇದೇನು ಆಟ?" ಮತ್ತೆ ಸವರುವ ಸದ್ದು. ಏನೋ ಬಿದ್ದಿತು. ಆಮೇಲೆ ಕಿರ್ರೆಂದು ಒಂದು ಬಾಗಿಲು ತೆರೆಯಿತು. ಹೊರಗೆ ನಿಂತ ಇಬ್ಬರಿಗೂ ಅದು ಯಾವುದೆಂದು ಗೊತ್ತಾಯಿತು. ಅಲ್ಮೆರಾ. ಉಳಿದ ಬಟ್ಟೆಗಳ ನಡುವಿನಿಂದ ಸೊಸೆಯ ದನಿ ಉಸಿರುಗಟ್ಟಿದಂತೆ ಬಂತು: "ಯಾಕೆ ಇಷ್ಟು ಕತ್ತಲೆ?"

ಮೇಸ್ತ್ರಿ ಬಾಗಿಲು ತೆಗೆದ. ಸೊಸೆ ಕನ್ನಡಕ ತೆಗೆದು, ಅಲ್ಮೆರಾ ನೋಡಿ, ಅತ್ತೆಯನ್ನು ನೋಡಿ, ಹಾಗೇ ನೆಲಕ್ಕೆ ಕುಸಿದಳು.

"ಅಕ್ಕನ ತಲೆ ನೆಟ್ಟಗಿದೆ" ಎಂದ ಮೇಸ್ತ್ರಿ. ಅಳಿಯನ ಮುಖ ನೋಡಲಾರದೆ ಕೈಯಲ್ಲಿದ್ದ ಡಬ್ಬಿಗೆ ಹೇಳಿದ. "ಕಣ್ಣು ಮಬ್ಬಾಗಿದೆ. ಹೋದ ವರ್ಷವೇ ನಂಗೆ ಹೇಳಿದ್ಲು. ಬಿಳಿ ಗೋಡೆಯಲ್ಲಿ ಕಪ್ಪು ಬಾಗಿಲು ನೋಡ್ಕೊಂಡು ಓಡಾಡ್ತಿದ್ಲು. ನಾನು ಎಲ್ಲ ಗೊತ್ತಿದ್ದೂ ಬಾಗಿಲು ಮುಚ್ಚಿಬಿಟ್ಟೆ. ಹಿಡಿ ಬಳಿಯೋವಾಗ ನೆನಪಾಗಿತ್ತು, ಆದ್ರೂ ಬಳಿದೆ. ನಿನ್ನೆ ನೀನು ಬಂದಾಗಲೂ ಗೊತ್ತಿತ್ತು. ಹೇಳಲಿಲ್ಲ. ನನ್ನ ತಪ್ಪು."

ನಲವತ್ತೈದು ವರ್ಷ ಗಂಟಲಲ್ಲಿ ಕೂತಿದ್ದ ಆ ಎರಡು ಮಾತು ಹೊರಬಿದ್ದದ್ದು ಹೀಗೆ.

ಮೊದಲು ಮಾತಾಡಿದವಳು ಅಕ್ಕ. "ಆಣೆ ಮುರಿದೆಯಲ್ಲೋ, ದ್ರೋಹಿ."

"ಮುರಿದೆ ಅಕ್ಕ."

"ಇನ್ನು ನಂಗೆ ಒಲೆ ಕೊಡಲ್ಲ ಇವ್ರು."

ಅಳಿಯ ಬಾಯಿಯ ನೊರೆ ಉಗಿದು ಬಂದು ತಾಯಿಯ ಮೊಣಕಾಲು ಹಿಡಿದು ಕುಳಿತ. "ಅಮ್ಮ, ನಂಗಾದ್ರೂ ಹೇಳಬಾರದಿತ್ತಾ?"

"ಏನಂತ ಹೇಳ್ಲಿ? ಬಚ್ಚಲು ಸಿಗಲಿಲ್ಲ ಅಂತಲಾ?" ಎಂದು ಅಕ್ಕ ಮುಖ ಮುಚ್ಚಿಕೊಂಡಳು. ಸೊಸೆ ಎದ್ದು ಹೋಗಿ ಸೂಟ್‌ಕೇಸಿನ ಬಟ್ಟೆಗಳನ್ನು ಒಂದೊಂದಾಗಿ ತಂದು ಅಲ್ಮೆರಾದಲ್ಲಿ ಇಡತೊಡಗಿದಳು. ಯಾರೂ ಅವಳಿಗೆ ಹೇಳಿರಲಿಲ್ಲ.

ಮೇಸ್ತ್ರಿ ಆಗಲೇ ಚೌಕಟ್ಟನ್ನು ಉಜ್ಜಿ ಬಿಳಿ ಹಚ್ಚಲು ಶುರುಮಾಡಿದ. ಹಿಡಿಯ ಬಣ್ಣವನ್ನು ಕೆರೆದು ಹಿತ್ತಾಳೆ ಹೊರತೆಗೆದ. ಪಟ್ಟಿ ಅಂಟಿಸಿದರೆ ಚೆನ್ನಾಗಿತ್ತು. ಕೈ ಎಂದಿನ ಕೈಯಾಗಿರಲಿಲ್ಲ ಅವತ್ತು. ಆದರೆ ಪಟ್ಟಿ ತಂದವನಲ್ಲವಲ್ಲ. ಎಡಗಡೆಯ ಗೆರೆ ಮೇಲಿಂದ ಕೆಳಗಿನವರೆಗೂ ಹಾವಿನಂತೆ ಹರಿಯಿತು. ಬಿಳಿ ಒಣಗುವ ಮೊದಲೇ ಅಕ್ಕ ಎದ್ದು, ಯಾರ ಕೈಯನ್ನೂ ಹಿಡಿಯದೆ, ನೇರ ಬಾಗಿಲಿಗೆ ನಡೆದು, ಇವನನ್ನು ದಾಟಿಕೊಂಡು ಅಡುಗೆಮನೆಗೆ ಹೋದಳು. ಇವನ ಜೊತೆ ಮಾತಾಡಲಿಲ್ಲ. ಆಮೇಲೂ ಬಹಳ ದಿನ ಆಡಲಿಲ್ಲ.

ಕಣ್ಣಿನ ಡಾಕ್ಟರಲ್ಲಿಗೆ ಇವನೂ ಹೋಗಿದ್ದ, ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಎಡಗಣ್ಣಿನ ಪೊರೆ ತೆಗೆಯಬಹುದು ಎಂದರು. ಬಲಗಣ್ಣಿನ ಹಿಂದಿನ ನರವೇ ಸತ್ತುಹೋಗಿತ್ತು. ಒಂದು ವರ್ಷ ಮೊದಲು ಕರೆತಂದಿದ್ದರೆ ಏನಾದರೂ ಮಾಡಬಹುದಿತ್ತಂತೆ. ಅಳಿಯ ಅದನ್ನು ಹೊರಗೆ ಬಂದು ಇವನಿಗೆ ಹೇಳಿದ, ದೂರುವಂತೇನೂ ಹೇಳಲಿಲ್ಲ. ಹೋದ ವರ್ಷದ ಚಹಾದ ಬಿಸಿ ಮೇಸ್ತ್ರಿಯ ತೊಡೆಗೆ ಆವತ್ತು ಮತ್ತೆ ತಾಗಿತು.

ಎಡಗಣ್ಣಿಗೆ ಶಸ್ತ್ರಚಿಕಿತ್ಸೆಯಾಗಿ ಪಟ್ಟಿ ಬಿಚ್ಚಿದ ಮಾರನೆಯ ದಿನ ಅಕ್ಕನೇ ಹೇಳಿಕಳಿಸಿದಳು. ಹೋದರೆ ತನ್ನ ಕೋಣೆಯ ನಡುವೆ ನಿಂತು ಸುತ್ತ ನೋಡುತ್ತಿದ್ದಳು. ಆ ಹಸಿರನ್ನು ಅವಳು ನಿಜವಾಗಿ ನೋಡಿದ್ದು ಅದೇ ಮೊದಲು.

"ಚೆನ್ನಾಗೇ ಬಳಿದಿದ್ದೀಯ ಕಣೋ" ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ಅಕ್ಕ ಬಾಗಿಲ ಹತ್ತಿರ ಹೋಗಿ, ಒಂದು ಕಣ್ಣು ಮುಚ್ಚಿ, ಬೆರಳಿಂದ ಚೌಕಟ್ಟಿನ ಅಂಚು ಹಿಡಿದು ಮೇಲಿಂದ ಕೆಳಗೆ ಬಂದಳು. "ಇದೇನೋ ಇದು? ಊರಿಗೆಲ್ಲ ಗೆರೆ ಮೇಸ್ತ್ರಿ, ನನ್ನ ಬಾಗಿಲಿಗೆ ಮಾತ್ರ ಈ ಸೊಟ್ಟ ಗೆರೆ?"

"ಅವತ್ತು ಕೈ ನಡುಗ್ತಿತ್ತು ಅಕ್ಕ."

"ಬ್ರಷ್ಷು ತಂದಿದ್ದೀಯಲ್ಲ ಜೇಬಲ್ಲಿ. ಸರಿಮಾಡು."

ಅವನು ಜೇಬಿಗೆ ಕೈ ಹಾಕಿದ. ಬ್ರಷ್ಷು ಬೆರಳಿಗೆ ಸಿಕ್ಕಿತು. ಕೈ ಹಾಗೇ ಒಳಗೇ ಇತ್ತು.

"ಅದು ಹಾಗೇ ಇರ್ಲಿ ಬಿಡಕ್ಕ" ಎಂದ.

ಅಕ್ಕ ಅವನ ಮುಖವನ್ನು ಉಳಿದ ಒಂದು ಕಣ್ಣಿಂದ ನೋಡಿದಳು. ಮೂಗೆಲ್ಲಿ ಬಾಯೆಲ್ಲಿ ಎಂದು ಈಗ ಕಾಣುತ್ತಿತ್ತು. ಆಮೇಲೆ ಚಹಾ ಇಡುತ್ತೇನೆಂದು ಅಡುಗೆಮನೆಗೆ ಹೋದಳು.